ಹೆಬ್ಬೆರಳೆತ್ತರದ ಸೈನಿಕರ ಊರು

ಇಂಗ್ಲೆಂಡ್ ದೇಶದ ನಡುಭಾಗದಲ್ಲಿ, ಟ್ರೆಂಟ್ ನದಿಗೆ ಹೊಂದಿಕೊಂಡು ನಾಟಿಂಗ್‌ಹ್ಯಾಮ್ ಎಂಬ ನಗರವಿದೆ. ಬಾಲ್ಯದಲ್ಲಿ ರಾಬಿನ್ ಹುಡ್‌ನ ಕಥೆಯನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. ಸಿರಿವಂತರನ್ನು ದೋಚಿ ಬಡವರಿಗೆ ಹಂಚುತ್ತಿದ್ದನೆಂದು ಜನಪದರು ಹಾಡಿ ಹೊಗಳುವ ಆ ಬಿಲ್ಲುಗಾರನ ಕಂಚಿನ ಪ್ರತಿಮೆಯನ್ನು 1952ರಲ್ಲಿ ಕೋಟೆಯ ಗೋಡೆಯ ಬುಡದಲ್ಲಿ ನಿಲ್ಲಿಸಿದ್ದಾರೆ. ಊರು ನಿಂತಿರುವುದು ಮೆದುವಾದ ಮರಳುಗಲ್ಲಿನ ಮೇಲೆ. ಕಲ್ಲು ಎಷ್ಟು ಮೆದುವೆಂದರೆ ಸಾಮಾನ್ಯ ಸಲಕರಣೆಗಳಿಂದಲೇ ಕೊರೆದು ಕೋಣೆ ಮಾಡಿಕೊಳ್ಳಬಹುದು. ಹೀಗೆ ಶತಮಾನಗಳಿಂದ ಕೊರೆದ ಗವಿಗಳು ಎಂಟುನೂರಕ್ಕೂ ಮಿಕ್ಕು ಇವೆಯೆಂದು ಲೆಕ್ಕ ಹಾಕಿದ್ದಾರೆ. ಒಂದು ಕಾಲಕ್ಕೆ ಅವುಗಳಲ್ಲಿ ಚರ್ಮ ಹದಮಾಡುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಭಯಕ್ಕೆ ಜನ ಅವುಗಳಲ್ಲೇ ಅಡಗಿ ಕುಳಿತಿದ್ದರು.

ಈ ಊರಿನ ಜನ ಕೈಕೆಲಸದಲ್ಲಿ ಗಟ್ಟಿಗರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಯಂತ್ರಗಳು ನೇಯ್ದ ಲೇಸು ಲೋಕದಾದ್ಯಂತ ಮಾರಾಟವಾಗುತ್ತಿತ್ತು. ಆ ವ್ಯಾಪಾರದ ಕೆಂಪು ಇಟ್ಟಿಗೆಯ ಎತ್ತರದ ಮಳಿಗೆಗಳಿರುವ ಕೇರಿಗೆ ಇಂದಿಗೂ ಲೇಸ್ ಮಾರ್ಕೆಟ್ ಎಂದೇ ಹೆಸರು. ಲೇಸಿನ ವ್ಯಾಪಾರ ಮಾತ್ರ ಮರೆಯಾಗಿದೆ. ನಮ್ಮ ತಂದೆಯವರ ಕಾಲದಲ್ಲಿ ಊರಿಗೊಬ್ಬರೋ ಇಬ್ಬರೋ ಹೆಮ್ಮೆಯಿಂದ ತುಳಿಯುತ್ತಿದ್ದ ರ‍್ಯಾಲಿ ಸೈಕಲ್ಲಿನ ತವರೂರೂ ಇದೇ. ಈ ಊರಿನ ರ‍್ಯಾಲಿ ಎಂಬ ಬೀದಿಯಲ್ಲಿ ಹುಟ್ಟಿದ್ದರಿಂದ ಸೈಕಲ್ಲಿಗೆ ಆ ಹೆಸರು ಬಂತು. 2002ರಲ್ಲಿ ಇಲ್ಲಿ ಸೈಕಲ್ ತಯಾರಿಕೆ ನಿಂತುಹೋಯಿತು. ಲೇಸು ಹೋಯಿತು, ಸೈಕಲ್ಲು ಹೋಯಿತು; ಆದರೆ ಕೈಬೆರಳುಗಳ ಕಸುಬು ಈ ಊರನ್ನು ಪೂರ್ತಿಯಾಗಿ ಬಿಟ್ಟು ಹೋಗಲಿಲ್ಲ. ಸೈಕಲ್ ಕಾರ್ಖಾನೆಯಿದ್ದ ಲೆಂಟನ್ ಭಾಗದಲ್ಲಿಯೇ ಇಂದು ಹೆಬ್ಬೆರಳೆತ್ತರದ ಸೈನಿಕರ ಗೊಂಬೆಗಳು ತಯಾರಾಗಿ ದೇಶದೇಶಗಳಿಗೆ ಹೋಗುತ್ತಿವೆ. ಆ ಗೊಂಬೆಗಳಿಗೆ ಬಣ್ಣ ಬಳಿಯುವ ವಿದ್ಯೆಯ ಮೊದಲ ಪಾಠವನ್ನು ನಾವು ಕಣ್ಣಾರೆ ಕಂಡು ಬಂದ ಬಗೆಯನ್ನು ಓದುಗ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

2024ರ ಬೇಸಿಗೆಯಲ್ಲಿ ನಾವು ದಂಪತಿಗಳು ಡರ್ಬಿ ಎಂಬ ಊರಿನಲ್ಲಿ ಇಂಜಿನಿಯರಾಗಿರುವ ಮಗನ ಮನೆಯಲ್ಲಿ ಎರಡು ತಿಂಗಳು ಇದ್ದೆವು. ಹನ್ನೊಂದು ವರ್ಷದ ಮೊಮ್ಮಗನ ಕೋಣೆಯಲ್ಲಿ, ಬಟ್ಟೆಯ ಕಪಾಟಿನ ಮೇಲೆ ಒಂದು ಪೆಟ್ಟಿಗೆ ಧೂಳು ಹಿಡಿದು ಕುಳಿತಿತ್ತು. ಹಿಂದಿನ ವರ್ಷದ ಹುಟ್ಟುಹಬ್ಬಕ್ಕೆ ತಂದೆ ಕೊಡಿಸಿದ್ದು. ಒಳಗೆ ಹತ್ತು ಸೈನಿಕರ ಬಿಡಿಭಾಗಗಳು. ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಗಳ ಆಸುಪಾಸಿನ ವಸ್ತು. ಬೇಡಿ, ಹಟ ಹಿಡಿದು ಕೊಡಿಸಿಕೊಂಡ ಹುಡುಗ ಅದನ್ನು ಮುಟ್ಟಿಯೇ ಇರಲಿಲ್ಲ. ಕಾರಣ ಕೇಳಿದರೆ, "ಕೆಟ್ರ ಏನ್ ಮಾಡೋದು, ಮುತ್ಯಾ?" ಎಂಬ ಒಂದೇ ಉತ್ತರ.

ಇದು ಗೊಂಬೆಯ ಮಾತು ಮಾತ್ರವಾಗಿದ್ದರೆ ನಾವೂ ನಕ್ಕು ಸುಮ್ಮನಾಗುತ್ತಿದ್ದೆವು. ಹುಡುಗನ ಶಾಲೆಯ ಗುರುಗಳು ಇದೇ ಸಂಗತಿಯನ್ನು ಬೇರೆ ಮಾತಿನಲ್ಲಿ ಬರೆದು ಕಳಿಸಿದ್ದರು. ಚಿತ್ರ ಬರೆಯಲು ಹೇಳಿದರೆ ಬರೆದು ಬರೆದು ಅಳಿಸುತ್ತಾನೆ, ಕಡೆಗೆ ಖಾಲಿ ಹಾಳೆಯನ್ನೇ ಒಪ್ಪಿಸುತ್ತಾನೆ. ಪ್ರಬಂಧದ ಮೊದಲ ವಾಕ್ಯ ಸರಿಯಾಗದಿದ್ದರೆ ಎರಡನೆಯದಕ್ಕೆ ಹೋಗುವುದೇ ಇಲ್ಲ. ಪಿಯಾನೋ ಕಲಿಯಲು ಹಾಕಿದ್ದರು, ಮೂರನೆಯ ವಾರಕ್ಕೆ ಬಿಟ್ಟ. ಬುದ್ಧಿಗೆ ಕೊರತೆಯಿಲ್ಲ, ಕೈ ಮುಂದೆ ಹೋಗುವುದಿಲ್ಲ. ತಾಯಿತಂದೆಗಳಿಗೆ ಇದೇ ಚಿಂತೆ. ಸೊಸೆಗೆ ಇನ್ನೊಂದು ಅಸಮಾಧಾನವೂ ಇತ್ತು: "ಮಾಮಾರ, ಆ ಪೆಟಗಿ ಮ್ಯಾಲಿನ ಚಿತ್ರ ನೋಡ್ರಿ. ಬರೇ ತಲಿಬುರುಡಿ, ಕತ್ತಿ, ಬಂದೂಕು. ಇಂಥಾವು ಮನ್ಯಾಗ ಯಾಕ ಬೇಕು ಅನಸ್ತದ." ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡುವ ಮಾತು ನಡೆದಿತ್ತು. ಗೊಂಬೆಗಳು ಹುಟ್ಟುವ ಊರು ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರದಲ್ಲಿದೆ ಎಂದು ತಿಳಿದಾಗ, ಒಮ್ಮೆ ನೋಡಿ ಬಂದು ಆಮೇಲೆ ತೀರ್ಮಾನಿಸೋಣವೆಂದು ನಾವೇ ಸೂಚಿಸಿದೆವು.

ಡರ್ಬಿಯಿಂದ ನಾಟಿಂಗ್‌ಹ್ಯಾಮಿಗೆ ಸುಮಾರು ಇಪ್ಪತ್ತೈದು ಕಿಲೋಮೀಟರು. ಬೆಳಗಿನ ಬಸ್ಸಿನಲ್ಲಿ ಮೊಮ್ಮಗನೊಡನೆ ನಾವಿಬ್ಬರೂ ಹೊರಟೆವು. ಬುತ್ತಿಗೆ ಚಪಾತಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದವು. ಮೊದಲು ಕೋಟೆಯ ಗುಡ್ಡಕ್ಕೆ ಹೋದೆವು. ಕೋಟೆಯೆಂದು ಕರೆದರೂ ಈಗ ಅಲ್ಲಿರುವುದು ಅರಮನೆಯಂಥ ಕಟ್ಟಡ. 1642ರ ಆಗಸ್ಟ್ 22ರಂದು ದೊರೆ ಒಂದನೆಯ ಚಾರ್ಲ್ಸ್ ತನ್ನ ಪಾರ್ಲಿಮೆಂಟಿನ ವಿರುದ್ಧವೇ ಧ್ವಜವೇರಿಸಿ ಯುದ್ಧ ಸಾರಿದ್ದು ಈ ಊರಿನಲ್ಲಿ. ಆ ಅಂತರ್ಯುದ್ಧ ಮುಗಿಯುವ ಹೊತ್ತಿಗೆ ದೊರೆಯ ತಲೆಯೇ ಹೋಗಿತ್ತು. ನಿಜವಾದ ಯುದ್ಧ ಶುರುವಾದ ಊರಿನಲ್ಲಿಯೇ ಆಟದ ಯುದ್ಧದ ಗೊಂಬೆಗಳು ತಯಾರಾಗುವುದು ಕಾಕತಾಳೀಯವಿರಬೇಕು. ಆದರೂ ಗುಡ್ಡದ ಮೇಲೆ ನಿಂತಾಗ ಮನಸ್ಸಿಗೆ ಬಾರದೆ ಇರಲಿಲ್ಲ.

ಅಲ್ಲಿಂದ ಲೆಂಟನ್ನಿನ ವಿಲ್ಲೋ ರಸ್ತೆಗೆ ಬಂದೆವು. ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿಯ ಮುಖ್ಯ ಕಚೇರಿ, ಕಾರ್ಖಾನೆ ಮತ್ತು ವಾರ್‌ಹ್ಯಾಮರ್ ವರ್ಲ್ಡ್ ಎಂಬ ಪ್ರದರ್ಶನಾಲಯ ಇರುವ ಸ್ಥಳವಿದು. ಹೊರಗಿನಿಂದ ನೋಡಿದರೆ ನಮ್ಮ ಕೈಗಾರಿಕಾ ವಸಾಹತುಗಳಲ್ಲಿರುವಂಥ ಕಟ್ಟಡ. ಮುಂದೆ ಕವಚ ತೊಟ್ಟ ದೈತ್ಯ ಸೈನಿಕನ ಪ್ರತಿಮೆ ನಿಂತಿರದಿದ್ದರೆ ಉಗ್ರಾಣವೆಂದು ತಿಳಿದು ಮುಂದೆ ಸಾಗುತ್ತಿದ್ದೆವು. ಒಳಗೆ ಕಾಲಿಟ್ಟರೆ ಲೋಕವೇ ಬೇರೆ. ಗಾಜಿನ ಕಪಾಟುಗಳ ಸಾಲು, ಪ್ರತಿಯೊಂದರಲ್ಲೂ ಬಣ್ಣ ಬಳಿದ ಸೈನಿಕರು, ರಾಕ್ಷಸರು, ಕುಳ್ಳರು, ಅಸ್ಥಿಪಂಜರಗಳು. ಮುಂದಿನ ಕೋಣೆಗಳಲ್ಲಿ ಮುರಿದ ಗೋಪುರಗಳ ನಡುವೆ, ಸೇತುವೆಗಳ ಮೇಲೆ, ಕಂದಕಗಳಲ್ಲಿ ಸಾವಿರಾರು ಗೊಂಬೆಗಳನ್ನು ಹೂಡಿ ನಿಲ್ಲಿಸಿದ ಯುದ್ಧಭೂಮಿಗಳು. ಒಂದೊಂದು ಗೊಂಬೆಯ ಬೆಲ್ಟಿನ ಬಕಲನ್ನೂ, ಧ್ವಜದ ಮೇಲಿನ ಅಕ್ಷರವನ್ನೂ ಯಾರೋ ಕುಳಿತು ಕುಂಚದಲ್ಲಿ ಬರೆದಿದ್ದಾರೆಂದು ಅರಿವಾದಾಗ ಮೊದಲಿದ್ದ ತಾತ್ಸಾರ ಕರಗಿತು.

ನಮ್ಮ ಮನೆಯವರು ಮಾತ್ರ ಅಷ್ಟು ಬೇಗ ಒಲಿಯಲಿಲ್ಲ. "ಇದರಾಗ ಒಳ್ಳ್ಯಾವ ಯಾಂವಾ?" ಎಂದು ಮೊಮ್ಮಗನನ್ನು ಕೇಳಿದರು. ಹುಡುಗ ತಲೆ ಕೆರೆದುಕೊಂಡು, "ಯಾರೂ ಇಲ್ಲ, ಆಯಿ" ಎಂದ. ಅವನ ಮಾತು ನಿಜವೇ. ಇಲ್ಲಿಯ ಪ್ರಸಿದ್ಧ ಆಟದ ಕಥೆ ನಡೆಯುವುದು ಬಹು ದೂರದ ಭವಿಷ್ಯದಲ್ಲಿ. ಅಲ್ಲಿಯ ಮನುಷ್ಯರ ಸಾಮ್ರಾಜ್ಯ ಕ್ರೂರವೂ ಅಂಧವೂ ಆದದ್ದು, ಎದುರಾಳಿಗಳೂ ಅಂಥವರೇ. ಕೆಲವರು ಈ ಕ್ರೌರ್ಯವನ್ನೇ ಆದರ್ಶವೆಂದು ತಿಳಿಯತೊಡಗಿದಾಗ ಕಂಪನಿ 2021ರಲ್ಲಿ ಪ್ರಕಟಣೆಯನ್ನೇ ಹೊರಡಿಸಿ, ಈ ಕಥೆಯಲ್ಲಿ ಸಜ್ಜನ ಪಕ್ಷವೇ ಇಲ್ಲ, ದ್ವೇಷದ ಆಳ್ವಿಕೆ ಎಲ್ಲಿಗೆ ಒಯ್ಯುತ್ತದೆಂಬ ವಿಡಂಬನೆ ಇದು ಎಂದು ಸ್ಪಷ್ಟಪಡಿಸಬೇಕಾಯಿತು. ವಿಡಂಬನೆ ಹನ್ನೊಂದು ವರ್ಷದವರಿಗೆ ಎಷ್ಟು ಅರ್ಥವಾದೀತು ಎಂಬ ಪ್ರಶ್ನೆ ನಮ್ಮಲ್ಲಿ ಉಳಿದೇ ಇದೆ.

ಮೇಜಿನ ಮೇಲಿನ ಯುದ್ಧದಾಟ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಪ್ರಷ್ಯಾದ ರೈಸ್ವಿಟ್ಸ್ ಎಂಬಾತ 1812ರಲ್ಲಿ ಅಲ್ಲಿಯ ದೊರೆಗೆ ಯುದ್ಧಾಭ್ಯಾಸದ ಮೇಜೊಂದನ್ನು ಒಪ್ಪಿಸಿದ; ಆತನ ಮಗ 1824ರಲ್ಲಿ ಅದರ ನಿಯಮಗಳನ್ನು ಅಚ್ಚು ಹಾಕಿಸಿದ. ಅದು ಸೇನಾಧಿಕಾರಿಗಳ ತರಬೇತಿಗಾಗಿ. ಮಕ್ಕಳ ಆಟಿಕೆಯ ದಾರಿ ಬೇರೆ. ಇಂಗ್ಲೆಂಡಿನಲ್ಲಿ ಬ್ರಿಟನ್ಸ್ ಎಂಬ ಮನೆತನದವರು 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯುವ ಉಪಾಯ ಕಂಡುಹಿಡಿದರು. ಲೋಹ ಕಡಿಮೆ ಹಿಡಿಯಿತು, ಬೆಲೆ ಇಳಿಯಿತು, ಮನೆಮನೆಗೂ ಸೈನಿಕರು ಬಂದರು. ಪ್ರಸಿದ್ಧ ಲೇಖಕ ಎಚ್. ಜಿ. ವೆಲ್ಸ್ ಈ ಸೈನಿಕರನ್ನು ನೆಲದ ಮೇಲೆ ಹೂಡಿ, ಸ್ಪ್ರಿಂಗಿನ ಪುಟ್ಟ ಫಿರಂಗಿಯಿಂದ ಕಟ್ಟಿಗೆಯ ಗುಂಡು ಹಾರಿಸಿ ಆಡುತ್ತಿದ್ದ. 1913ರಲ್ಲಿ ಆ ಆಟದ ನಿಯಮಗಳನ್ನು 'ಲಿಟಲ್ ವಾರ್ಸ್' ಎಂಬ ಪುಸ್ತಕವಾಗಿ ಬರೆದ. ಯುದ್ಧ ಬೇಕೆನ್ನುವವರು ಹೀಗೆ ಗೊಂಬೆಗಳನ್ನಿಟ್ಟುಕೊಂಡು ಆಡಲಿ, ನಿಜವಾದ ಯುದ್ಧ ಯಾವ ಲೆಕ್ಕಕ್ಕೂ ನಿಲುಕದ ಮೂರ್ಖತನ ಎಂಬುದು ಆ ಪುಸ್ತಕದ ಕೊನೆಯಲ್ಲಿ ಆತನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಹೊತ್ತಿಕೊಂಡಿತು.

ಗೇಮ್ಸ್ ವರ್ಕ್‌ಶಾಪ್ 1975ರಲ್ಲಿ ಹುಟ್ಟಿದ್ದು ಲಂಡನ್ನಿನಲ್ಲಿ. ಇಯಾನ್ ಲಿವಿಂಗ್‌ಸ್ಟನ್, ಸ್ಟೀವ್ ಜಾಕ್ಸನ್, ಜಾನ್ ಪೀಕ್ ಎಂಬ ಮೂವರು ಗೆಳೆಯರು ಕಟ್ಟಿಗೆಯ ಆಟದ ಹಲಗೆಗಳನ್ನು ಕೈಯಿಂದ ಮಾಡಿ ಮಾರುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ಬ್ರಯನ್ ಆ್ಯನ್ಸೆಲ್ ಎಂಬವರ ಸಂಗಡ ಸೇರಿ, ನಾಟಿಂಗ್‌ಹ್ಯಾಮಿಗೆ ಸಮೀಪದ ನ್ಯೂವಾರ್ಕಿನಲ್ಲಿ ಸಿಟಡೆಲ್ ಎಂಬ ಹೆಸರಿನಿಂದ ಲೋಹದ ಗೊಂಬೆಗಳ ಎರಕಶಾಲೆಯನ್ನು ಆರಂಭಿಸಿದರು. ಆ ಗೊಂಬೆಗಳು ಹೆಚ್ಚು ಖರ್ಚಾಗಲೆಂದು ಯುದ್ಧದಾಟವನ್ನು ರಚಿಸಿದ್ದು 1983ರಲ್ಲಿ. ಅದರ ಭವಿಷ್ಯಕಾಲದ ರೂಪ ಬಂದದ್ದು 1987ರಲ್ಲಿ. ಗೊಂಬೆ ಮೊದಲು, ಆಟ ಆಮೇಲೆ! ಎರಕಶಾಲೆಯಲ್ಲಿ ಕೆಲಸ ಕಲಿತ ಅನೇಕರು ಮುಂದೆ ಹೊರಬಂದು ತಮ್ಮವೇ ಕಂಪನಿಗಳನ್ನು ಕಟ್ಟಿ ಸುತ್ತಮುತ್ತಲೇ ನೆಲೆಸಿದರು. ಸೀಸದ ಗೊಂಬೆಗಳ ನೆನಪಿಗೆ ಈ ಸೀಮೆಯನ್ನು ಹವ್ಯಾಸಿಗಳು ಇಂದಿಗೂ 'ಲೆಡ್ ಬೆಲ್ಟ್', ಅಂದರೆ ಸೀಸದ ಪಟ್ಟಿ ಎನ್ನುತ್ತಾರೆ. ಈಗ ಬಹುಪಾಲು ಗೊಂಬೆಗಳು ಪ್ಲಾಸ್ಟಿಕ್ಕಿನವು. ಉಕ್ಕಿನ ಅಚ್ಚಿನೊಳಗೆ ಕರಗಿದ ಪಾಲಿಸ್ಟೈರೀನನ್ನು ಒತ್ತಡದಿಂದ ತುಂಬುತ್ತಾರೆ. ಎರಡು ಹೋಳಿನ ಗಟ್ಟಿ ಅಚ್ಚಿನಿಂದ ಗೊಂಬೆ ಮುರಿಯದೆ ಹೊರಬರಬೇಕಾದರೆ ಅದರಲ್ಲಿ ಒಳಬಾಗಿದ ಮಡಿಕೆ ಇರಬಾರದು. ಆದ್ದರಿಂದಲೇ ತಲೆ, ತೋಳು, ಎದೆ, ಬಂದೂಕುಗಳನ್ನು ಬೇರೆ ಬೇರೆಯಾಗಿ ಎರಕ ಹೊಯ್ದು ಒಂದು ಚೌಕಟ್ಟಿನಲ್ಲಿ ಕೊಡುತ್ತಾರೆ. ಕತ್ತರಿಸಿ ಅಂಟಿಸುವುದು ಕೊಂಡವನ ಕೆಲಸ. ನಾವು ನೋಡಿಬಂದ ವರ್ಷದ ಡಿಸೆಂಬರಿನಲ್ಲಿ ಈ ಕಂಪನಿ ಲಂಡನ್ ಶೇರು ಪೇಟೆಯ ಅತಿ ದೊಡ್ಡ ನೂರು ಕಂಪನಿಗಳ ಸಾಲಿಗೆ ಸೇರಿತು. ಅರ್ಧ ಮಾಡಿಟ್ಟ ಆಟಿಕೆಯನ್ನು ಮಾರಿ, ಉಳಿದರ್ಧ ಕಾಯಕವನ್ನು ಗಿರಾಕಿಯ ಕೈಗೇ ಬಿಟ್ಟು ಇಷ್ಟು ಬೆಳೆದ ವ್ಯಾಪಾರವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಇನ್ನು ಬಣ್ಣದ ಮಾತು. ಅಂಗಡಿಯಲ್ಲಿ ಹೊಸಬರಿಗಾಗಿ ಒಂದು ಮೇಜನ್ನು ಇಟ್ಟಿದ್ದರು. ಮೊದಲ ಸಲ ಬಂದವರಿಗೆ ಹಣ ಪಡೆಯದೆ ಒಂದು ಗೊಂಬೆಯನ್ನು ಕೊಟ್ಟು, ಬಣ್ಣ ಬಳಿಯುವುದನ್ನು ಹೇಳಿಕೊಡುವ ಪದ್ಧತಿ ಅವರದು. ಕಲಿಸುವ ತರುಣಿ ಮೊಮ್ಮಗನ ಮುಂದೆ ಗೊಂಬೆಯನ್ನಿಟ್ಟರೆ ಅವನು ಎರಡೂ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಹಿಂದೆ ಸರಿದ. ಆಗ ನಮ್ಮ ಮನೆಯವರು ಕುರ್ಚಿ ಎಳೆದುಕೊಂಡು ಕುಳಿತು, "ಕೊಡವ್ವಾ ಇಲ್ಲಿ, ನಾ ನೋಡ್ತೀನಿ" ಎಂದರು. ಆ ತರುಣಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ನಡುವೆ ದುಭಾಷಿಯಾಗಿ ಮೊಮ್ಮಗ ನಿಲ್ಲಬೇಕಾಯಿತು. ಪಾಠದ ಪ್ರತಿಯೊಂದು ಮಾತೂ ಅವನ ಬಾಯಿಂದಲೇ ಹೊರಡಬೇಕಾದ್ದು ಒಳ್ಳೆಯದೇ ಆಯಿತು.

ಗೊಂಬೆ ನೆಲದಿಂದ ತಲೆಯವರೆಗೆ ನಾಲ್ಕು ಸೆಂಟಿಮೀಟರಿನಷ್ಟು. ಮೂವತ್ತೆರಡು ಮಿಲಿಮೀಟರಿನ ದುಂಡನೆಯ ಪೀಠ. ಮೈತುಂಬ ಕವಚ, ಮುಖದ ಮೇಲೂ ಶಿರಸ್ತ್ರಾಣ. ಹೊಸಬರಿಗೆ ಇಂಥದನ್ನೇ ಕೊಡುವುದರಲ್ಲಿ ಜಾಣತನವಿದೆ: ಕವಚದ ಅಗಲವಾದ ನುಣುಪು ಭಾಗಗಳಲ್ಲಿ ಕುಂಚ ಸರಾಗವಾಗಿ ಆಡುತ್ತದೆ, ಎಳ್ಳುಕಾಳಿಗಿಂತ ಚಿಕ್ಕದಾದ ಕಣ್ಣುಗುಡ್ಡೆಯನ್ನು ಬರೆಯುವ ಕಷ್ಟ ಇರುವುದಿಲ್ಲ. ಗೊಂಬೆಗೆ ಮೊದಲೇ ಬೂದು ಬಣ್ಣದ ಪ್ರೈಮರ್ ಸಿಂಪಡಿಸಿದ್ದರು. ಇದಿಲ್ಲದೆ ಪ್ಲಾಸ್ಟಿಕ್ಕಿನ ಮೇಲೆ ನೀರಿನ ಬಣ್ಣ ನಿಲ್ಲುವುದಿಲ್ಲ, ಕೆಸುವಿನೆಲೆಯ ಮೇಲಿನ ಹನಿಯಂತೆ ಜಾರುತ್ತದೆ.

ಯಾವ ಬಣ್ಣ ಬೇಕೆಂದು ಕೇಳಿದಾಗ ಇವರು ಅರಿಶಿನವನ್ನು ಬೆರಳು ಮಾಡಿ ತೋರಿಸಿದರು. ತರುಣಿ ನಕ್ಕು, ಹಳದಿ ಬಣ್ಣ ಹೊಸಬರಿಗೆ ಬಹು ಕಠಿಣ, ಕೆಳಗಿನ ಬೂದು ಬಣ್ಣವನ್ನು ಮುಚ್ಚಲು ಹಲವು ಪದರ ಬೇಕಾಗುತ್ತದೆ ಎಂದಳು. ಕೊನೆಗೆ ಇಳಕಲ್ ಸೀರೆಯ ಸೆರಗಿನಂಥ ಕೆಂಪು ಗೊತ್ತಾಯಿತು. ಕೆಂಪು ಕವಚದ ಪಡೆ ಆಟದಲ್ಲಿ ನಿಜವಾಗಿಯೂ ಇದೆಯೆಂದು ಮೊಮ್ಮಗ ಉತ್ಸಾಹದಿಂದ ಅದರ ಹೆಸರು ಹೇಳಿದ. ಹೆಸರಿನಲ್ಲಿ ರಕ್ತವಿತ್ತು. "ಆ ಹೆಸರ ಬ್ಯಾಡ, ಇದು ಇಳಕಲ್ಲ ಪಡೆ" ಎಂದು ಆಯಿ ತೀರ್ಪು ಕೊಟ್ಟರು.

ಹನ್ನೆರಡು ಮಿಲಿಲೀಟರಿನ ಪುಟ್ಟ ಭರಣಿಯಲ್ಲಿ ಬಣ್ಣ ಮೊಸರಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಭರಣಿಯಿಂದಲೇ ಎತ್ತಿ ಬಳಿಯಬಾರದು. ತಟ್ಟೆಯ ಮೇಲೆ ಒಂದು ಬೊಟ್ಟು ತೆಗೆದುಕೊಂಡು, ನೀರು ಬೆರೆಸಿ, ಹಾಲಿನ ಹದಕ್ಕೆ ತರಬೇಕು. "ಬಣ್ಣ ತೆಳುವ ಮಾಡ್ಕೋಬೇಕಂತ, ಆಯಿ. ದಪ್ಪ ಒಂದ ಸಲ ಅಲ್ಲಂತ, ತೆಳುವ ಎರಡ ಸಲ" ಎಂದು ಮೊಮ್ಮಗ ವಿವರಿಸಿದ. ಈ ವಿದ್ಯೆಯ ಅರ್ಧ ಗುಟ್ಟು ಇದೇ ಎನ್ನಬಹುದು. ಗಟ್ಟಿ ಬಣ್ಣ ಕವಚದ ಸಣ್ಣ ಗೆರೆ, ಮೊಳೆ, ಮಡಿಕೆಗಳನ್ನೆಲ್ಲ ಹೂಳಿಬಿಡುತ್ತದೆ. ತೆಳು ಬಣ್ಣ ಅವುಗಳನ್ನು ಉಳಿಸುತ್ತದೆ. ಬೆಲೆ ತೆರಬೇಕಾದದ್ದು ತಾಳ್ಮೆಯಲ್ಲಿ. ಮೊದಲ ಪದರ ಒಣಗಿದಾಗ ಗೊಂಬೆ ನೋಡಲು ಅಸಹ್ಯ: ಒಂದೆಡೆ ಕೆಂಪು, ಒಂದೆಡೆ ಬೂದು, ಕುಂಚದ ಗೆರೆಗಳು ಬೇರೆ. ಹುಡುಗ ಮೆಲ್ಲನೆ "ಕೆಟ್ಟಿತು" ಎಂದ. ತರುಣಿಗೆ ಆ ಮಾತು ಮುಖದಿಂದಲೇ ತಿಳಿದಿರಬೇಕು. ಮೊದಲ ಪದರ ಯಾರದೇ ಆಗಲಿ ಹೀಗೆಯೇ ಕಾಣುತ್ತದೆ, ಅದನ್ನು ನೋಡಿ ನಿರ್ಧಾರಕ್ಕೆ ಬರಬಾರದು, ಒಣಗಲು ಬಿಟ್ಟು ಎರಡನೆಯದನ್ನು ಹಾಕಬೇಕು ಎಂದಳು.

ಒಣಗುವ ಹೊತ್ತಿನಲ್ಲಿ ಕುಂಚಗಳ ಮಾತು ಬಂತು. ನುರಿತವರು ಬಳಸುವ ಕುಂಚಗಳು ಸೈಬೀರಿಯದ ಕೊಲಿನ್‌ಸ್ಕಿ ಎಂಬ, ಮುಂಗುಸಿಯನ್ನು ಹೋಲುವ ಪ್ರಾಣಿಯ ಬಾಲದ ಕೂದಲಿನವು. ವಿಕ್ಟೋರಿಯಾ ರಾಣಿ 1866ರಲ್ಲಿ ತನಗಾಗಿ ಅತ್ಯುತ್ತಮ ಕುಂಚಗಳನ್ನು ಮಾಡಿಕೊಡಲು ವಿನ್ಸರ್ ಅಂಡ್ ನ್ಯೂಟನ್ ಎಂಬ ಕಂಪನಿಗೆ ಅಪ್ಪಣೆ ಮಾಡಿದಳಂತೆ. ಆಕೆಗೆ ಪ್ರಿಯವಾದ ಏಳನೆಯ ಅಳತೆಯ ಹೆಸರಿನಲ್ಲೇ ಆ ಕುಂಚಗಳು ಇಂದಿಗೂ ಮಾರಾಟವಾಗುತ್ತಿವೆ. ಯಾವ ಪ್ರಾಣಿಯ ಕೂದಲೆಂದು ಕೇಳಿದ ಮೇಲೆ ಇವರು ಆ ಕುಂಚವನ್ನು ಮುಟ್ಟಲಿಲ್ಲ. ಕೃತಕ ಎಳೆಯ ಕುಂಚವೂ ಇದೆ, ಹೊಸಬರಿಗೆ ಅದೇ ಸಾಕು. ಪಕ್ಕದ ಮೇಜಿನ ಒಬ್ಬ ಕಲಾವಿದರು ಕುಂಚದ ತುದಿಯನ್ನು ಚೂಪುಗೊಳಿಸಲು ಆಗಾಗ ತುಟಿಗೆ ಒತ್ತಿಕೊಳ್ಳುವುದನ್ನು ಕಂಡು "ಎಂಜಲ, ಎಂಜಲ" ಎಂದು ನಮ್ಮ ಕಡೆ ತಿರುಗಿ ಪಿಸುಗುಟ್ಟಿದರು.

ಎರಡನೆಯ ಪದರ ಒಣಗಿದ ಮೇಲೆ ಕೆಂಪು ತುಂಬಿ ನಿಂತಿತು. ಅನಂತರದ ಹಂತವೇ ನಮ್ಮ ಕಣ್ಣಿಗೆ ಚೋದ್ಯವಾಗಿ ಕಂಡದ್ದು. ಶಾಯಿಯಂತೆ ನೀರಾದ ಕಂದು ಬಣ್ಣವೊಂದನ್ನು ಮೈಮೇಲೆಲ್ಲ ಹರಿಯಬಿಡುತ್ತಾರೆ. ಅದು ಉಬ್ಬುಗಳಿಂದ ತಾನಾಗಿಯೇ ಜಾರಿ ತಗ್ಗುಗಳಲ್ಲಿ ನಿಲ್ಲುತ್ತದೆ. ಒಣಗಿದಾಗ ಕವಚದ ಪ್ರತಿಯೊಂದು ಸಂದಿಗೂ ನೆರಳು ಬಿದ್ದಂತಾಗಿ, ಚಪ್ಪಟೆ ಗೊಂಬೆಗೆ ಜೀವ ಬರುತ್ತದೆ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಕೋಣೆಯ ಬೆಳಕು ನೆರಳನ್ನು ಮೂಡಿಸಲಾರದು, ಆದ್ದರಿಂದ ನೆರಳನ್ನೂ ಬಣ್ಣದಿಂದಲೇ ಬರೆಯಬೇಕು ಎಂಬುದು ಇದರ ತತ್ತ್ವ. ಬಳಿಕ ಇದಕ್ಕೆ ವಿರುದ್ಧವಾದ ಕ್ರಿಯೆ. ತಿಳಿಗೆಂಪು ಬಣ್ಣದಲ್ಲಿ ಕುಂಚವನ್ನು ಅದ್ದಿ, ಕಾಗದದ ಮೇಲೆ ಒರೆಸಿ ಒರೆಸಿ ಬಣ್ಣ ಇಲ್ಲವೇ ಇಲ್ಲ ಎನ್ನುವಂತೆ ಮಾಡಿ, ಗೊಂಬೆಯ ಮೇಲೆ ಹಗುರಾಗಿ ಸವರುತ್ತಾರೆ. ಉಳಿದ ಒಣ ಬಣ್ಣ ಉಬ್ಬಿದ ಅಂಚುಗಳಿಗೆ ಮಾತ್ರ ಹತ್ತಿ ಬೆಳಕು ಬಿದ್ದಂತೆ ಮಿನುಗುತ್ತದೆ.

ಐವತ್ತು ವರ್ಷ ಅಂಗಳದಲ್ಲಿ ರಂಗವಲ್ಲಿ ಹಾಕಿದ ಕೈ ಅದು. ಆದರೆ ರಂಗವಲ್ಲಿಗೆ ತೋಳು ಗಾಳಿಯಲ್ಲಿ ಬಿಡುಬೀಸಾಗಿ ಆಡಬೇಕು. ಇಲ್ಲಿ ಮೊಣಕೈಗಳನ್ನು ಮೇಜಿಗೆ ಊರಿ, ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ತಾಗಿಸಿ ಹಿಡಿಯಬೇಕು. ಹಾಗೆ ಹಿಡಿದರೆ ನಡುಕ ಬಂದರೂ ಎರಡು ಕೈಗಳಿಗೂ ಒಟ್ಟಿಗೆ ಬಂದು, ಕುಂಚಕ್ಕೂ ಗೊಂಬೆಗೂ ನಡುವಿನ ಅಂತರ ಬದಲಾಗುವುದಿಲ್ಲ. ಬಂದೂಕಿಗೆ ಬೆಳ್ಳಿಯ ಬಣ್ಣ, ಶಿರಸ್ತ್ರಾಣದ ಕಣ್ಣಿಗೆ ಒಂದೊಂದು ಹಸಿರು ಚುಕ್ಕೆ. ಎಡಗಣ್ಣಿನ ಹಸಿರು ಕೊಂಚ ಕೆನ್ನೆಗಿಳಿಯಿತು. ಇವರು ವಿಚಲಿತರಾಗಲಿಲ್ಲ. ಒಣಗುವವರೆಗೆ ಕಾದು, ಅದರ ಮೇಲೆ ಕೆಂಪನ್ನು ಮತ್ತೊಮ್ಮೆ ಮುಟ್ಟಿಸಿದರು. ಹಸಿರು ಮಾಯವಾಯಿತು. ಅಷ್ಟೇ ಅದರ ಕಥೆ.

ಮೊಮ್ಮಗ ಅದನ್ನು ಬಾಗಿ ನೋಡುತ್ತಿದ್ದ. ಅಳಿಸುವ ರಬ್ಬರಿಲ್ಲ, ಹಾಳೆ ಹರಿಯುವುದಿಲ್ಲ. ಒಣಗಿದ ಮೇಲೆ ಮೇಲಿಂದ ಬಳಿದರೆ ಮುಗಿಯಿತು. ತರುಣಿ ಒಳಗೆ ಹೋಗಿ ತನ್ನದೊಂದು ಹಳೆಯ ಗೊಂಬೆಯನ್ನು ತಂದು ಅವನ ಅಂಗೈಯಲ್ಲಿ ಇಟ್ಟಳು. ಅವಳು ಚಿಕ್ಕಂದಿನಲ್ಲಿ ಬಳಿದ ಮೊಟ್ಟಮೊದಲನೆಯದು. ಬಣ್ಣ ಮೇಣದಂತೆ ಮೆತ್ತಿ ಮೂಗು ಬಾಯಿ ಒಂದಾಗಿದ್ದವು. ಒಂದು ಕಾಲಿಗೆ ಬಣ್ಣವೇ ಇರಲಿಲ್ಲ. ಇದರ ಬಣ್ಣ ತೆಗೆದು ಹೊಸದಾಗಿ ಬಳಿಯುವುದು ನನಗೆ ಒಂದು ಗಂಟೆಯ ಕೆಲಸ, ಆದರೂ ಎಂದೂ ಹಾಗೆ ಮಾಡಿಲ್ಲ ಎಂದಳು. ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಪ್ರದರ್ಶನದ ಕಪಾಟುಗಳಲ್ಲಿ ಬಹುಮಾನ ಪಡೆದ ಗೊಂಬೆಗಳಿದ್ದವು. 1987ರಿಂದ ನಡೆದು ಬಂದಿರುವ ಗೋಲ್ಡನ್ ಡೀಮನ್ ಎಂಬ ಸ್ಪರ್ಧೆಯ ಕೃತಿಗಳನ್ನು ಅವನು ಪುಸ್ತಕಗಳಲ್ಲಿ ಬಾಯಿಪಾಠ ಮಾಡಿದ್ದ. ಅವನು ಇದುವರೆಗೆ ನೋಡಿದ್ದೆಲ್ಲ ಅಂಥವನ್ನೇ. ಮೊದಲನೆಯ ಗೊಂಬೆಯನ್ನು ಯಾರೂ ಅವನಿಗೆ ತೋರಿಸಿರಲಿಲ್ಲ. ಕೊನೆಗೆ ಜೇಬಿನಿಂದ ಕೈ ತೆಗೆದ. ಒಂದು ಕಾಲಿನ ಕವಚಕ್ಕೆ ನೀಲಿ ಬಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಆಯಿ ಬಾಯಿ ಬಿಡಲಿಲ್ಲ. ನಮಗೂ ಕಣ್ಣಿನಿಂದಲೇ ಸುಮ್ಮನಿರಲು ಸೂಚಿಸಿದರು.

ಮಧ್ಯಾಹ್ನ ಹೊರಗಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ಊಟದ ನಡುವೆ ಮೊಮ್ಮಗ ತಾನು ಪುಸ್ತಕದಲ್ಲಿ ಓದಿದ ಸಂಗತಿಯೊಂದನ್ನು ಹೇಳಿದ. ಈ ಸೀಮೆಯ ಶಿಲ್ಪಿಗಳಲ್ಲಿ ಮೈಕೆಲ್ ಮತ್ತು ಆ್ಯಲನ್ ಪೆರಿ ಎಂಬ ಅವಳಿ ಸಹೋದರರು ಹೆಸರಾದವರು. ಇಲ್ಲಿಯ ಕಂಪನಿಗೆ ಬಹು ವರ್ಷ ಗೊಂಬೆಗಳನ್ನು ಕಡೆದುಕೊಟ್ಟು, ಆಮೇಲೆ ತಮ್ಮದೇ ಹೆಸರಿನಲ್ಲಿ ಇತಿಹಾಸದ ಸೈನ್ಯಗಳ ಗೊಂಬೆಗಳನ್ನು ಮಾಡತೊಡಗಿದರು. ಹಳೆಯ ಕಾಳಗಗಳನ್ನು ವೇಷ ತೊಟ್ಟು ಅಭಿನಯಿಸುವ ಹವ್ಯಾಸವೂ ಅವರಿಗಿತ್ತು. 1996ರಲ್ಲಿ ಫ್ರಾನ್ಸಿನ ಕ್ರೆಸಿಯಲ್ಲಿ ಅಂಥ ಅಭಿನಯದ ಹೊತ್ತಿನಲ್ಲಿ ಫಿರಂಗಿ ಅಕಾಲಕ್ಕೆ ಸಿಡಿದು ಮೈಕೆಲರ ಬಲಗೈ ಹೋಯಿತು. ಕೂದಲೆಳೆಯ ಗಾತ್ರದ ಕೆತ್ತನೆಯೇ ಜೀವನೋಪಾಯವಾಗಿದ್ದ ಮನುಷ್ಯ. ಅವರು ಎಡಗೈಯಿಂದ ಬರೆಯುವುದು, ಬಣ್ಣ ಹಾಕುವುದು, ಕಡೆಯುವುದು ಎಲ್ಲವನ್ನೂ ಮೊದಲಿನಿಂದ ಕಲಿತು ಕಸುಬಿಗೆ ಮರಳಿದರು. "ಹಂಗಾರ ಅವರೂ ಎರಡನೇ ಸಲ ಬಿಗಿನರ್ ಆದರು" ಎಂದ ಹುಡುಗ. ಕಥೆಯನ್ನು ಅವನು ಮೊದಲೇ ಬಲ್ಲವನಾಗಿದ್ದ. ಹೀಗೆ ಹೇಳಿದ್ದು ಅಂದೇ ಮೊದಲಿರಬೇಕು.

ರಾತ್ರಿ ಡರ್ಬಿಯ ಮನೆಯಲ್ಲಿ ಮಾತುಕತೆ ದೀರ್ಘವಾಗಿಯೇ ನಡೆಯಿತು. ಸೊಸೆಯ ಆಕ್ಷೇಪಣೆಯನ್ನು ನಾವು ತಳ್ಳಿಹಾಕಲಿಲ್ಲ. ತಲೆಬುರುಡೆಗಳನ್ನು ಅಲಂಕಾರವೆಂದು ನೋಡುತ್ತಾ ಬೆಳೆಯುವುದು ಎಳೆಯ ಮನಸ್ಸಿಗೆ ಹಿತವೆಂದು ಹೇಳಲಾರೆವು. ದುಬಾರಿಯ ಹವ್ಯಾಸವೂ ಹೌದು; ಒಂದು ಪೆಟ್ಟಿಗೆ ಮುಗಿಯುವ ಮುನ್ನ ಇನ್ನೊಂದನ್ನು ಕೊಳ್ಳಿಸುವ ಜಾಣತನ ಆ ಅಂಗಡಿಯ ಪ್ರತಿ ಗೋಡೆಯ ಮೇಲೂ ಇದೆ. ಆದರೆ ಆ ದಿನ ಹುಡುಗ ಒಂದೂವರೆ ಗಂಟೆ ಒಂದೇ ಕೆಲಸದ ಮೇಲೆ ಕುಳಿತಿದ್ದ, ನಡುವೆ ಎದ್ದು ಹೋಗಲಿಲ್ಲ. ಮಗ ಆ ಅರ್ಧ ನೀಲಿ ಗೊಂಬೆಯನ್ನು ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಕೊನೆಗೆ ಆದ ಒಪ್ಪಂದ ಹೀಗೆ: ಪೆಟ್ಟಿಗೆಯನ್ನು ಯಾರಿಗೂ ಕೊಡುವುದಿಲ್ಲ. ಇದರಲ್ಲಿಯ ಹತ್ತೂ ಮುಗಿಯುವವರೆಗೆ ಹೊಸದನ್ನು ಕೇಳಬಾರದು. ಮುಂದೆ ಕೊಳ್ಳುವುದಾದರೆ ಪೆರಿ ಸಹೋದರರಂಥವರು ಮಾಡುವ ಇತಿಹಾಸದ ಸೈನ್ಯಗಳಲ್ಲಿ ಒಂದನ್ನು ಆರಿಸಿಕೊಂಡು, ಆ ಯುದ್ಧದಲ್ಲಿ ಯಾರು ಗೆದ್ದರು, ಎಷ್ಟು ಜನ ಸತ್ತರು ಎಂಬುದನ್ನು ಓದಿ ತಾಯಿಗೆ ಹೇಳಬೇಕು. ಕೊನೆಯ ಷರತ್ತು ಸೊಸೆಯದು. ನಮಗೆ ಅದು ವೆಲ್ಸ್‌ನ ಪುಸ್ತಕಕ್ಕಿಂತ ಚೆನ್ನಾಗಿ ತೋರಿತು.

ಕೆಂಪು ಕವಚದ ಗೊಂಬೆ ನಮ್ಮೊಡನೆ ವಿಜಯಪುರಕ್ಕೆ ಬಂದಿದೆ. ಹತ್ತಿಯಲ್ಲಿ ಸುತ್ತಿ, ಔಷಧದ ಡಬ್ಬಿಯಲ್ಲಿಟ್ಟು ತಂದದ್ದು. ಓಣಿಯ ಮಕ್ಕಳು ಬಂದರೆ ಇವರು ಅದನ್ನು ಕೆಳಗಿಳಿಸಿ ತೋರಿಸುತ್ತಾರೆ, ಕೈಗೆ ಕೊಡುವುದಿಲ್ಲ. ಡರ್ಬಿಯ ಪೆಟ್ಟಿಗೆಯಲ್ಲಿ ಹತ್ತರಲ್ಲಿ ನಾಲ್ಕು ಮುಗಿದಿವೆಯಂತೆ. ನಾಲ್ಕನೆಯದರ ಮುಖ ತೆರೆದಿದೆ, ಕಣ್ಣು ಬರೆಯಬೇಕಾಗಿ ಬಂತು. ಮೂರು ಸಲ ಬರೆದು ಮೂರು ಸಲ ಮುಚ್ಚಿದ, ನಾಲ್ಕನೆಯ ಸಲಕ್ಕೆ ನಿಂತಿತು ಎಂದು ಮಗ ಫೋನಿನಲ್ಲಿ ತಿಳಿಸಿದ. ಐದನೆಯದಕ್ಕೆ ಬೂದು ಬಣ್ಣ ಸಿಂಪಡಿಸಿ ಒಣಗಲು ಇಟ್ಟಿದ್ದಾರೆ.